ಗೆರೆ, ಆಕಾರ, ಟೋನ್, ಟೆಕ್ಸ್ಚರ್ ಎಲ್ಲ ಬಾಯಿಪಾಠ, ಚಿತ್ರ ಮಾತ್ರ ಚಪ್ಪಟೆ. ಎಲ್ಲಿ ತಪ್ಪುತ್ತಿದೆ?

ಹೊಸಕಣ್ಣು ಕೇಳಿದ್ದು:

ಗೆರೆ, ಆಕಾರ, ಘನರೂಪ, ಟೋನ್ (ಕಪ್ಪಿನಿಂದ ಬಿಳಿಯವರೆಗಿನ ಮಟ್ಟ), ಟೆಕ್ಸ್ಚರ್ (ಮೇಲ್ಮೈಯ ತರಿ), ಬಣ್ಣ, ಪ್ಯಾಟರ್ನ್, ಖಾಲಿ ಜಾಗ. ಫೋಟೋಗ್ರಫಿ ಪಾಠಗಳಲ್ಲಿ ದೃಶ್ಯದ ಅಂಶಗಳು ಅಂತ ಸಿಗುವ ಪಟ್ಟಿ ಇದು. ಪಟ್ಟಿ ಗೊತ್ತಿದ್ದರೂ ಕ್ಯಾಮೆರಾ ಎತ್ತಿದ ಕ್ಷಣದಲ್ಲಿ ಅದರಿಂದ ಏನು ಮಾಡಬೇಕು ಅನ್ನುವುದು ಹೊಳೆಯುವುದಿಲ್ಲ. ಮೂರು ಚಿತ್ರಗಳನ್ನು ಮಾತಿನಲ್ಲೇ ವಿವರಿಸುತ್ತೇನೆ. ಮೂರರಲ್ಲೂ ಫೋಕಸ್ ಸರಿಯಿದೆ, ಎಕ್ಸ್‌ಪೋಶರ್ ಸರಿಯಿದೆ.

1. ಬಿರುಕುಬಿಟ್ಟ ಹಳೆಯ ಮರದ ಬಾಗಿಲು. ಸೂರ್ಯ ಬೆನ್ನ ಹಿಂದೆ, ಬಾಗಿಲಿಗೆ ನೇರ ಎದುರು ನಿಂತು ತೆಗೆದದ್ದು, ಎಫ್/8 (ಲೆನ್ಸಿನ ತೂತಿನ ಅಳತೆ; ಅಂಕಿ ದೊಡ್ಡದಾದಷ್ಟೂ ತೂತು ಕಿರಿದು). ಕಣ್ಣಿಗೆ ಕಂಡ ಒರಟುತನ ಚಿತ್ರದಲ್ಲಿ ಇಲ್ಲ. ಬಣ್ಣ ಬಳಿದ ರಟ್ಟಿನ ಹಾಗೆ ಕಾಣುತ್ತದೆ.

2. ಉದ್ದನೆಯ ಕಾಲುಸೇತುವೆ, ಎರಡೂ ಕಡೆ ಕಂಬಿ, ತುದಿಯಲ್ಲಿ ಒಬ್ಬ ವ್ಯಕ್ತಿ. ಗೆರೆಗಳು ವ್ಯಕ್ತಿಯತ್ತ ಕರೆದೊಯ್ಯಬೇಕಿತ್ತು. ಆದರೆ ನೋಡುವವರ ಕಣ್ಣು ಬಲಗಡೆಯ ಕೆಳಮೂಲೆಯಿಂದ ಹೊರಗೆ ಜಾರುತ್ತದೆ. ವ್ಯಕ್ತಿಯ ತಲೆಯಿಂದ ಒಂದು ದೀಪದ ಕಂಬ ಬೇರೆ ಮೊಳೆತಿದೆ.

3. ಹಸಿರು ಎಲೆಗಳ ನಡುವೆ ಕೆಂಪು ಹೂವು. ಬಣ್ಣದಲ್ಲಿ ನೋಡಿದರೆ ಎಸಳುಗಳೆಲ್ಲ ಸೇರಿ ಒಂದೇ ಕೆಂಪು ಮುದ್ದೆ. ಕಪ್ಪುಬಿಳುಪಿಗೆ ತಿರುಗಿಸಿದರೆ ಹೂವೇ ನಾಪತ್ತೆ.

ಮೂರರಲ್ಲೂ ಬೇರೆಬೇರೆ ತಪ್ಪೋ, ಅಥವಾ ಒಂದೇ ತಪ್ಪಿನ ಮೂರು ಮುಖವೋ? ಸ್ಥಳದಲ್ಲೇ ಏನನ್ನು ಮೊದಲು ನೋಡಬೇಕು?

---

ಓರೆಬೆಳಕು:

ಮೂರಕ್ಕೂ ಬೇರು ಒಂದೇ. ಪಟ್ಟಿಯಲ್ಲಿರುವ ಎಂಟು ಅಂಶಗಳು ದೃಶ್ಯದಲ್ಲಿ ಹಾಗೇ ಬಿದ್ದಿರುವ ವಸ್ತುಗಳಲ್ಲ. ಸೆನ್ಸರ್ ದಾಖಲಿಸುವುದು ಬೆಳಕಿನ ಹೆಚ್ಚುಕಡಿಮೆ ಮಾತ್ರ. ಎರಡು ಪಕ್ಕದ ಜಾಗಗಳ ನಡುವೆ ಟೋನಿನ ಅಥವಾ ಬಣ್ಣದ ವ್ಯತ್ಯಾಸ ಇದ್ದರೆ ಅಲ್ಲಿ ಗೆರೆ ಇದೆ, ಇಲ್ಲದಿದ್ದರೆ ಇಲ್ಲ. ಕಂಬಿ ಕಬ್ಬಿಣದ್ದೇ ಆಗಿರಲಿ, ಹಿಂದಿನ ನೆಲದ ಬೂದುಮಟ್ಟವೂ ಅದರದ್ದೇ ಆಗಿದ್ದರೆ ಚಿತ್ರದಲ್ಲಿ ಕಂಬಿ ಇಲ್ಲ ಅಂತಲೇ ಲೆಕ್ಕ. ಸೇತುವೆಯನ್ನೂ ಹೂವನ್ನೂ ಬೇರೆಯವರು ನೋಡಿಕೊಳ್ಳಲಿ, ನಾನು ಬಾಗಿಲನ್ನು ಹಿಡಿಯುತ್ತೇನೆ.

ಟೆಕ್ಸ್ಚರ್ ಅಂದರೆ ಸಣ್ಣ ಉಬ್ಬುಗಳು ಚೆಲ್ಲುವ ಸಣ್ಣ ನೆರಳುಗಳು. ಸೂರ್ಯ ನಿಮ್ಮ ಬೆನ್ನ ಹಿಂದಿದ್ದಾಗ ನೆರಳೆಲ್ಲ ಉಬ್ಬಿನ ಹಿಂದೆಯೇ ಅಡಗುತ್ತದೆ, ಲೆನ್ಸಿಗೆ ಕಾಣುವುದಿಲ್ಲ. ಲೆಕ್ಕ ಹಾಕಿ ನೋಡಿ. 1 ಮಿ.ಮೀ. ಎತ್ತರದ ಉಬ್ಬಿಗೆ ಬೆಳಕು ಮೇಲ್ಮೈಯಿಂದ 45 ಡಿಗ್ರಿಯಲ್ಲಿ ಬಿದ್ದರೆ ನೆರಳಿನ ಉದ್ದ 1 ಮಿ.ಮೀ.; 10 ಡಿಗ್ರಿಯಲ್ಲಿ ಸವರಿಕೊಂಡು ಬಂದರೆ ಸುಮಾರು 5.7 ಮಿ.ಮೀ. ಈಗ 3 ಮೀಟರ್ ಅಗಲದ ಗೋಡೆ ಅಥವಾ ಬಾಗಿಲ ಭಾಗ 6000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ತುಂಬಿದೆ ಅಂದುಕೊಳ್ಳಿ. ಒಂದು ಪಿಕ್ಸೆಲಿಗೆ ಅರ್ಧ ಮಿ.ಮೀ. ಬಂತು. 45 ಡಿಗ್ರಿಯ ನೆರಳು 2 ಪಿಕ್ಸೆಲ್, 10 ಡಿಗ್ರಿಯದು 11 ಪಿಕ್ಸೆಲ್. ಚಿತ್ರವನ್ನು ಪರದೆಗೆ ಹೊಂದುವಂತೆ ಕುಗ್ಗಿಸಿದಾಗ 2 ಪಿಕ್ಸೆಲ್ಲಿನದು ಅಳಿಸಿಹೋಗುತ್ತದೆ, 11ರದು ಉಳಿಯುತ್ತದೆ. ದುಬಾರಿ ಲೆನ್ಸ್ ಹಾಕಿದರೆ ಟೆಕ್ಸ್ಚರ್ ಬರುತ್ತದೆ ಅನ್ನುವವರಿಗೆ ಈ ಲೆಕ್ಕ ತೋರಿಸಿ.

ಹಾಗಾಗಿ ಮಾಡಬೇಕಾದದ್ದು ಇಷ್ಟು. ಬಾಗಿಲು ಯಾವ ದಿಕ್ಕಿಗೆ ಮುಖಮಾಡಿದೆ ನೋಡಿ, ಬಿಸಿಲು ಅದರ ಮೈಯನ್ನು ಸವರಿಕೊಂಡು ಹೋಗುವ ಹೊತ್ತು ಯಾವುದೆಂದು ಲೆಕ್ಕಹಾಕಿ. ಪೂರ್ವಕ್ಕೋ ಪಶ್ಚಿಮಕ್ಕೋ ಮುಖವಿದ್ದರೆ ಬಿಸಿಲು ಆ ಗೋಡೆಯನ್ನು ಬಿಟ್ಟುಹೋಗುವ ಅಥವಾ ಹತ್ತುವ ನಡುಹಗಲಿನ ಹೊತ್ತಿನಲ್ಲಿ ಬೆಳಕು ಮೇಲಿನಿಂದ ಸವರುತ್ತದೆ. "ನಡುಹಗಲಲ್ಲಿ ಫೋಟೋ ತೆಗೆಯಬೇಡಿ" ಅನ್ನುವ ಮಾತು ಗೋಡೆಗಳಿಗೆ ಹೊಂದುವುದೇ ಇಲ್ಲ. ಇನ್ನೊಂದು ವಿಷಯ: ಬಿರುಕು ಉದ್ದುದ್ದ ಇದ್ದರೆ ಬೆಳಕು ಅಡ್ಡ ಬರಬೇಕು. ಬಿರುಕಿನ ಗುಂಟವೇ ಬೆಳಕು ಹರಿದರೆ ನೆರಳೇ ಬೀಳುವುದಿಲ್ಲ. ಸೂರ್ಯ ಒಲಿಯದಿದ್ದರೆ ಕ್ಯಾಮೆರಾದಿಂದ ಬಿಡಿಸಿದ ಫ್ಲ್ಯಾಶನ್ನೋ ಒಂದು ಬಲ್ಬನ್ನೋ ಮೇಲ್ಮೈಗೆ ಹತ್ತಿರ, ಪಕ್ಕದಲ್ಲಿ ಇಡಿ. ಆದರೆ ತೀರಾ ಹತ್ತಿರ ಬೇಡ. ಸಣ್ಣ ಬೆಳಕಿನ ಮೂಲದಿಂದ ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕೆ, ಅಂದರೆ 2 ಸ್ಟಾಪ್ ಇಳಿಯುತ್ತದೆ (ಬೆಳಕು ಅರ್ಧವಾದರೆ ಒಂದು ಸ್ಟಾಪ್ ಇಳಿದಂತೆ, ಇಮ್ಮಡಿಯಾದರೆ ಒಂದು ಸ್ಟಾಪ್ ಏರಿದಂತೆ). ಬಾಗಿಲಿನ ಒಂದು ಅಂಚು ಬಲ್ಬಿನಿಂದ 1 ಮೀಟರ್, ಇನ್ನೊಂದು ಅಂಚು 2 ಮೀಟರ್ ಇದ್ದರೆ ಒಂದು ಕಡೆ ಸುಟ್ಟು ಇನ್ನೊಂದು ಕಡೆ ಮುಳುಗುತ್ತದೆ. ಬಲ್ಬನ್ನು ಹತ್ತಿರದ ಅಂಚಿನಿಂದ 4 ಮೀಟರ್ ದೂರಕ್ಕೆ ಒಯ್ದರೆ 4 ಮತ್ತು 5 ಮೀಟರ್ ನಡುವಿನ ವ್ಯತ್ಯಾಸ ಮುಕ್ಕಾಲು ಸ್ಟಾಪಿಗಿಂತ ಕಡಿಮೆ.

ಎಕ್ಸ್‌ಪೋಶರ್ ಬಗ್ಗೆ. ಅಮೆರಿಕದ ಫೋಟೋಗ್ರಾಫರುಗಳಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಸುಮಾರಿಗೆ ಕಟ್ಟಿದ ಜೋನ್ ಪದ್ಧತಿ (ಕಪ್ಪಿನಿಂದ ಬಿಳಿಯವರೆಗಿನ ಟೋನನ್ನು ಹಂತಗಳಾಗಿ ಹಂಚುವುದು) ಫಿಲ್ಮಿಗೆ ಹುಟ್ಟಿದ್ದಾದರೂ ಇಲ್ಲಿ ಇಂದಿಗೂ ನೇರವಾಗಿ ಉಪಯೋಗಕ್ಕೆ ಬರುತ್ತದೆ. ನಡುಬೂದು ಅಂದರೆ 5ನೇ ಜೋನ್, ಒಂದೊಂದು ಜೋನಿಗೂ ಒಂದು ಸ್ಟಾಪ್. ಟೆಕ್ಸ್ಚರ್ ಓದಲು ಸಿಗುವುದು ಹೆಚ್ಚುಕಡಿಮೆ 3ರಿಂದ 7ರವರೆಗೆ. ಸ್ಪಾಟ್ ಮೀಟರಿಂಗ್ (ಒಂದು ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯುವುದು) ಹಾಕಿ ಬಿರುಕಿನ ನೆರಳನ್ನು ಅಳೆಯಿರಿ, ಉಬ್ಬಿನ ತುದಿಯನ್ನು ಅಳೆಯಿರಿ. ನಡುವೆ 4 ಸ್ಟಾಪ್ ಒಳಗಿದ್ದರೆ ಎರಡನ್ನೂ ಹಿಡಿಯಬಹುದು. 6 ಸ್ಟಾಪ್ ಇದ್ದರೆ ಒಂದನ್ನು ಬಿಡಬೇಕು. ಬಾಗಿಲಿಗೆ ನೆರಳನ್ನು ಬಿಡಿ, ಬಿರುಕು ಕಪ್ಪಾದರೆ ನಷ್ಟವಿಲ್ಲ. ಉಬ್ಬಿನ ತುದಿ ಸುಟ್ಟು ಬಿಳಿಯಾದರೆ ಮರ ಮರವಾಗಿ ಉಳಿಯುವುದಿಲ್ಲ.

ಘನರೂಪ ಮತ್ತು ಆಕಾರದ ಬಗ್ಗೆ ಇಲ್ಲೇ ಒಂದು ಮಾತು, ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ಆಕಾರ ಹೊರಗೆರೆ; ಹಿಂಬೆಳಕಿನಲ್ಲಿ ಅತ್ಯಂತ ಸ್ಪಷ್ಟ. ಘನರೂಪ ಒಳಗಿನ ದುಂಡಗೆ. ಬೆಳಕಿನಿಂದ ನೆರಳಿಗೆ ಟೋನ್ ಮೆಲ್ಲಗೆ ಇಳಿಯುವುದರಿಂದ ಬರುತ್ತದೆ. ಅಮೆರಿಕದ ಫೋಟೋಗ್ರಾಫರ್ ಎಡ್ವರ್ಡ್ ವೆಸ್ಟನ್ 1930ರಲ್ಲಿ ತೆಗೆದ ದೊಣ್ಣೆಮೆಣಸಿನಕಾಯಿಯ ಹೆಸರಾಂತ ಚಿತ್ರ ಗಮನಿಸಿ. ಕಾಯಿಯನ್ನು ತಗಡಿನ ಆಲಿಕೆಯೊಳಗೆ ಇಟ್ಟು ತೆಗೆದದ್ದು. ಹಿಂದೆ ಕತ್ತಲೆ, ಮೈಮೇಲೆ ಬಿಳಿಯಿಂದ ಕಪ್ಪಿಗೆ ಎಲ್ಲೂ ಕಡಿಯದೆ ಇಳಿಯುವ ಟೋನ್. ಕಾಯಿ ಶಿಲ್ಪದ ಹಾಗೆ ಕಾಣುವುದು ಆ ಇಳಿಜಾರಿನಿಂದಲೇ. ಮುಖದ ಚಿತ್ರವೋ ಹಣ್ಣಿನ ಚಿತ್ರವೋ, ಬೆಳಕಿನ ಬದಿಗೂ ನೆರಳಿನ ಬದಿಗೂ 2 ಸ್ಟಾಪ್ ಅಂತರವಿದ್ದರೆ ದುಂಡಗೆ ಚೆನ್ನಾಗಿ ಕಾಣುತ್ತದೆ. 1 ಸ್ಟಾಪಿಗಿಂತ ಕಡಿಮೆಯಾದರೆ ಚಪ್ಪಟೆ. ನೆರಳ ಬದಿಗೆ ಒಂದು ಬಿಳಿ ಹಾಳೆ ಹಿಡಿದು ಹತ್ತಿರ ದೂರ ಮಾಡಿದರೆ ಈ ಅಂತರ ಕೈಯಲ್ಲೇ ಇರುತ್ತದೆ.

---

ಅಂಚುಗಾರ:

ಸೇತುವೆ ನನಗೆ.

"ಕರೆದೊಯ್ಯುವ ಗೆರೆ" ಅನ್ನುವ ಮಾತೇ ಅರ್ಧ ದಾರಿ ತಪ್ಪಿಸುತ್ತದೆ. ಗೆರೆಗೆ ಬಾಣದ ಗುರುತು ಇರುವುದಿಲ್ಲ, ಕಣ್ಣು ಅದರ ಮೇಲೆ ಎರಡೂ ಕಡೆಗೆ ಓಡಬಲ್ಲದು. ಯಾವ ತುದಿಯಲ್ಲಿ ಟೋನಿನ ವ್ಯತ್ಯಾಸ ಹೆಚ್ಚಿದೆಯೋ ಅಲ್ಲಿಗೆ ಹೋಗುತ್ತದೆ. ನಿಮ್ಮ ವಿವರಣೆಯಿಂದ ಊಹಿಸುವುದಾದರೆ ಬಲಗಡೆಯ ಕಂಬಿ ಸರಿಯಾಗಿ ಮೂಲೆಯಿಂದಲೇ ಹೊರಟಿದೆ, ಅಲ್ಲಿ ಬಿಸಿಲು ಬಿದ್ದ ಬಿಳಿ ತುಂಡೂ ಇದೆ. ದೂರದ ವ್ಯಕ್ತಿ ಮಾತ್ರ ಬೂದು ಹಿನ್ನೆಲೆಯ ಮುಂದೆ ಬೂದು ಬಟ್ಟೆಯಲ್ಲಿ ನಿಂತಿದ್ದಾರೆ. ಕಣ್ಣಿಗೆ ಮೂಲೆಯೇ ಹೆಚ್ಚು ರುಚಿ.

ಸರಿಪಡಿಸುವ ಕ್ರಮ:

ಮೊದಲು ಕ್ಯಾಮೆರಾವನ್ನು ತುಸು ಪಕ್ಕಕ್ಕೆ ಸರಿಸಿ, ಗೆರೆ ಮೂಲೆಯಿಂದಲ್ಲದೆ ಕೆಳಅಂಚಿನ ಮೇಲೆ, ಮೂಲೆಯಿಂದ ಅಗಲದ ಹತ್ತನೇ ಒಂದು ಭಾಗದಷ್ಟು ಒಳಗೆ ಬರುವಂತೆ ಮಾಡಿ. ಮೂಲೆಗೆ ಸರಿಯಾಗಿ ಹೊಕ್ಕ ಗೆರೆ ಚೌಕಟ್ಟನ್ನು ಸೀಳುತ್ತದೆ. ಆಮೇಲೆ ಅಂಚಿನಲ್ಲಿರುವ ಅತಿ ಬಿಳಿ ತುಂಡನ್ನು ಹೊರಗೆ ಹಾಕಿ. ಅಂಚಿಗೆ ಅಂಟಿದ ಬಿಳಿ ಚುಕ್ಕೆ ನಡುವಿನ ದೊಡ್ಡ ವಸ್ತುವಿಗಿಂತ ಹೆಚ್ಚು ಎಳೆಯುತ್ತದೆ. ಶಟರ್ ಒತ್ತುವ ಮುಂಚೆ ಕಣ್ಣನ್ನು ನಾಲ್ಕೂ ಅಂಚಿನ ಮೇಲೆ ಒಂದು ಸುತ್ತು ಓಡಿಸುವುದು ಎರಡು ಸೆಕೆಂಡಿನ ಕೆಲಸ, ಅರ್ಧ ತಪ್ಪುಗಳು ಅಲ್ಲೇ ಸಿಗುತ್ತವೆ.

ಈಗ ದೀಪದ ಕಂಬ. ಇದಕ್ಕೆ ಲೆನ್ಸ್ ಬದಲಿಸುವವರಿದ್ದಾರೆ, ಹಿನ್ನೆಲೆ ಮಸುಕಾಗಲಿ ಅಂತ ಎಫ್/1.8 ಹಾಕುವವರಿದ್ದಾರೆ. ಮಸುಕಾದರೂ ಕಂಬದ ಕಪ್ಪು ಪಟ್ಟಿ ತಲೆಯ ಮೇಲೆ ಹಾಗೇ ಇರುತ್ತದೆ. ಇದಕ್ಕೆ ಕಾಲೇ ಮದ್ದು. ವ್ಯಕ್ತಿ 2 ಮೀಟರ್ ದೂರದಲ್ಲಿ, ಕಂಬ 10 ಮೀಟರ್ ದೂರದಲ್ಲಿ, ಫುಲ್‌ಫ್ರೇಮ್ (35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟು ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸ್ ಇದೆ ಅನ್ನಿ. ನೀವು 20 ಸೆಂ.ಮೀ. ಪಕ್ಕಕ್ಕೆ ಸರಿದರೆ ಸೆನ್ಸರಿನ ಮೇಲೆ ವ್ಯಕ್ತಿಗೂ ಕಂಬಕ್ಕೂ ನಡುವೆ 4 ಮಿ.ಮೀ. ಅಂತರ ಹುಟ್ಟುತ್ತದೆ. ಅಷ್ಟೇ ದೂರದಲ್ಲಿ ಮನುಷ್ಯನ ತಲೆಯ ಅಗಲವೂ ಸೆನ್ಸರಿನ ಮೇಲೆ ಸುಮಾರು 4 ಮಿ.ಮೀ. ಅಂದರೆ ಒಂದು ಗೇಣಿನಷ್ಟು ವಾಲಿದರೆ ಕಂಬ ಒಂದು ತಲೆಯಷ್ಟು ಪಕ್ಕಕ್ಕೆ ಹೋಯಿತು. ನಿಮ್ಮ ಚಿತ್ರದಲ್ಲಿ ವ್ಯಕ್ತಿ ದೂರದಲ್ಲಿರುವುದರಿಂದ ವಾಲಿದರೆ ಸಾಲದು, ಕೆಲವು ಹೆಜ್ಜೆ ಸರಿಯಬೇಕು. ವ್ಯಕ್ತಿಯೂ ಕಂಬವೂ ಒಂದಕ್ಕೊಂದು ಹತ್ತಿರವಿದ್ದಷ್ಟೂ ಹೆಚ್ಚು ಹೆಜ್ಜೆ ಬೇಕು.

ಇದರ ಜತೆಗೆ ಬರುವ ಗೊಂದಲ ಆಳದ್ದು. ಟೆಲಿ ಲೆನ್ಸ್ (ಮಿ.ಮೀ. ಅಂಕಿ ದೊಡ್ಡದಿದ್ದು ದೂರದ್ದನ್ನು ದೊಡ್ಡದಾಗಿ ತೋರಿಸುವುದು) ಹಿನ್ನೆಲೆಯನ್ನು ಹತ್ತಿರ ಎಳೆಯುತ್ತದೆ ಎನ್ನುತ್ತಾರೆ. ಎಳೆಯುವುದು ಲೆನ್ಸ್ ಅಲ್ಲ, ನಿಂತ ಜಾಗ. 35 ಮಿ.ಮೀ. ಹಾಕಿ 2 ಮೀಟರ್ ದೂರದಿಂದ ಒಬ್ಬರನ್ನು ತೆಗೆಯಿರಿ, ಅವರ ಹಿಂದೆ 8 ಮೀಟರ್ ಆಚೆ ಒಂದು ಬಾಗಿಲು. ಈಗ 4 ಮೀಟರಿಗೆ ಹಿಂದೆ ಸರಿದು 70 ಮಿ.ಮೀ. ಹಾಕಿ. ವ್ಯಕ್ತಿಯ ಗಾತ್ರ ಅಷ್ಟೇ ಇದೆ, ಹಿಂದಿನ ಬಾಗಿಲು ಮಾತ್ರ 1.67 ಪಟ್ಟು ದೊಡ್ಡದಾಗಿದೆ. ನಿಂತ ಜಾಗದಲ್ಲೇ ನಿಂತು ಜೂಮ್ ತಿರುಗಿಸಿದರೆ ಈ ಅನುಪಾತ ಒಂದಿಷ್ಟೂ ಬದಲಾಗುವುದಿಲ್ಲ, ಕತ್ತರಿಸಿದ ಹಾಗಾಗುತ್ತದೆ ಅಷ್ಟೆ. ಸೇತುವೆಯ ಕಂಬಿಗಳು ರಭಸದಿಂದ ಒಂದೆಡೆ ಕೂಡಬೇಕು ಅಂದರೆ ಕಂಬಿಗೆ ಹತ್ತಿರ, ತಗ್ಗಿನಲ್ಲಿ, 24 ಮಿ.ಮೀ. ಲೆನ್ಸಿನಲ್ಲಿ ತೆಗೆಯಿರಿ. ಎಫ್/11 ಇಟ್ಟು 1.8 ಮೀಟರಿಗೆ ಫೋಕಸ್ ಮಾಡಿದರೆ ಸುಮಾರು 0.9 ಮೀಟರಿನಿಂದ ಅನಂತದವರೆಗೆ ಒಪ್ಪುವಷ್ಟು ಸ್ಪಷ್ಟ. ಎಫ್/22ಕ್ಕೆ ಹೋಗಬೇಡಿ, ವಿವರ್ತನೆಯಿಂದ (ಕಿರಿದಾದ ತೂತಿನಲ್ಲಿ ಬೆಳಕು ಹರಡಿಕೊಳ್ಳುವುದರಿಂದ) ಇಡೀ ಚಿತ್ರ ಮೆತ್ತಗಾಗುತ್ತದೆ. ಆದರೆ ಇಲ್ಲೇ ಒಂದು ಬಲಿ ಕೊಡಬೇಕು: ಗೆರೆ ರಭಸವಾದಷ್ಟೂ ದೂರದ ವ್ಯಕ್ತಿ ಇರುವೆಯಷ್ಟು ಚಿಕ್ಕವರಾಗುತ್ತಾರೆ. ಗೆರೆ ಮುಖ್ಯವೋ ವ್ಯಕ್ತಿ ಮುಖ್ಯವೋ ತೀರ್ಮಾನಿಸಿ. ವ್ಯಕ್ತಿ ಮುಖ್ಯ ಅಂದರೆ ಹಿಂದೆ ಸರಿದು 85 ಹಾಕಿ, ಕಂಬಿಗಳು ಶಾಂತವಾಗುತ್ತವೆ.

ನೇರ ಗೆರೆಗಳ ವಿಷಯದಲ್ಲಿ ಕಣ್ಣು ಬಹಳ ಜಿಪುಣ. 6000 ಪಿಕ್ಸೆಲ್ ಅಗಲದಲ್ಲಿ ದಿಗಂತ 1 ಡಿಗ್ರಿ ವಾಲಿದರೆ ಒಂದು ಅಂಚಿಗಿಂತ ಇನ್ನೊಂದು 105 ಪಿಕ್ಸೆಲ್ ಮೇಲೆ ಕೂರುತ್ತದೆ. 2 ರಿಂದ 4 ಡಿಗ್ರಿ ವಾಲಿಕೆ ಯಾವತ್ತೂ ತಪ್ಪಿನ ಹಾಗೇ ಕಾಣುತ್ತದೆ. ವಾಲಿಸುವುದೇ ಉದ್ದೇಶವಾದರೆ 15 ಡಿಗ್ರಿ ದಾಟಿಸಿ. ರಷ್ಯಾದ ಫೋಟೋಗ್ರಾಫರ್ ರೋಡ್ಚೆಂಕೋ 1920ರ ದಶಕದಲ್ಲಿ ಕಟ್ಟಡಗಳನ್ನು ಕೆಳಗಿನಿಂದ, ಓರೆಯಾಗಿ ತೆಗೆದಾಗ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಕಟ್ಟಡದ ಲಂಬ ಗೆರೆಗಳು ಮೇಲೆ ಕೂಡುವುದು ಬೇಡವಾದರೆ ಕ್ಯಾಮೆರಾವನ್ನು ಮೇಲಕ್ಕೆ ಬಾಗಿಸದೆ ಸೆನ್ಸರ್ ನೆಲಕ್ಕೆ ಲಂಬವಾಗಿರುವಂತೆ ಹಿಡಿದು, ಕೆಳಗೆ ಬಂದ ಹೆಚ್ಚಿನ ನೆಲವನ್ನು ಆಮೇಲೆ ಕತ್ತರಿಸಿ. ತಂತ್ರಾಂಶದಲ್ಲಿ ನೆಟ್ಟಗೆ ಮಾಡಬಹುದು, ಆದರೆ ಮೇಲ್ಭಾಗದ ಪಿಕ್ಸೆಲ್ಲುಗಳು ಹಿಗ್ಗಿ ಅಲ್ಲಿನ ಸ್ಪಷ್ಟತೆ ಇಳಿಯುತ್ತದೆ, ಪಕ್ಕಗಳೂ ಕಳೆದುಹೋಗುತ್ತವೆ.

---

ಬೂದುಪಟ್ಟಿ:

ಹೂವು. ಇಲ್ಲಿ ಎರಡು ಬೇರೆ ತೊಂದರೆ ಇವೆ, ಬೆರೆಸಬೇಡಿ.

ಒಂದು, ಎಸಳಿನ ವಿವರ ಹೋದದ್ದು. ಕ್ಯಾಮೆರಾದ ಸಾಮಾನ್ಯ ಹಿಸ್ಟೋಗ್ರಾಂ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ, ಯಾವ ಮಟ್ಟದಲ್ಲಿ ಎಷ್ಟು ಪಿಕ್ಸೆಲ್ ಎಂದು ತೋರಿಸುವ ಗ್ರಾಫ್) ಪ್ರಕಾಶಮಾನದ್ದು, ಅದರಲ್ಲಿ ಹಸಿರು ಚಾನೆಲ್ಲಿನ ಪಾಲೇ ದೊಡ್ಡದು. ಕೆಂಪು ಚಾನೆಲ್ ತುಂಬಿ ಚೆಲ್ಲುತ್ತಿದ್ದರೂ ಆ ಗ್ರಾಫ್ ಏನೂ ಆಗಿಲ್ಲವೆಂಬಂತೆ ನಡುವಿನಲ್ಲಿ ಕೂತಿರುತ್ತದೆ. ಮೆನುವಿನಲ್ಲಿ ಮೂರೂ ಬಣ್ಣದ ಹಿಸ್ಟೋಗ್ರಾಂ ಆರಿಸಿಕೊಳ್ಳಿ. ಕೆಂಪು ಬಲಗಡೆಯ ಗೋಡೆಗೆ ಒತ್ತಿದ್ದರೆ ಎಕ್ಸ್‌ಪೋಶರ್ ಅನ್ನು ಮೂರನೇ ಎರಡು ಸ್ಟಾಪಿನಿಂದ 1 ಸ್ಟಾಪಿನವರೆಗೆ ಇಳಿಸಿ. ರಾ ಫೈಲ್ (ಸೆನ್ಸರ್ ದಾಖಲಿಸಿದ್ದನ್ನು ಸಂಸ್ಕರಿಸದೆ ಉಳಿಸಿದ್ದು) ಇದ್ದರೆ ಹಲವು ಸಲ ಅದರಲ್ಲಿ ವಿವರ ಉಳಿದಿರುತ್ತದೆ, ಚೆಲ್ಲಿರುವುದು ಎಸ್‌ಆರ್‌ಜಿಬಿಗೆ (ಪರದೆಗಳು ಸಾಮಾನ್ಯವಾಗಿ ಬಳಸುವ ಬಣ್ಣದ ವ್ಯಾಪ್ತಿಗೆ) ಇಳಿಸುವಾಗ. ಆಗ ಮೊದಲು ಮಾಡಬೇಕಾದದ್ದು ಕೆಂಪಿನ ಸ್ಯಾಚುರೇಶನ್ (ಬಣ್ಣದ ಗಾಢತೆ) ಕಡಿಮೆ ಮಾಡುವುದು. ಸ್ಲೈಡರ್ ಎಡಕ್ಕೆ ಹೋಗುತ್ತಿದ್ದ ಹಾಗೆ ಎಸಳಿನ ನರಗಳು ಹಿಂದಿರುಗುತ್ತವೆ. ಬಣ್ಣ ಕಡಿಮೆಯಾದರೆ ಹೂವು ಮಂಕಾಗುತ್ತದೆ ಎಂಬ ಭಯ ಬೇಡ, ಒಳಗೆ ಟೋನಿನ ಏರಿಳಿತ ಬಂದಾಗಲೇ ಕೆಂಪು ತುಂಬಿಕೊಂಡಂತೆ ಕಾಣುವುದು.

ಎರಡು, ಕಪ್ಪುಬಿಳುಪಿನಲ್ಲಿ ಹೂವು ಮಾಯವಾದದ್ದು. ಬಣ್ಣದ ವ್ಯತ್ಯಾಸ ಬೇರೆ, ಟೋನಿನ ವ್ಯತ್ಯಾಸ ಬೇರೆ. ಪ್ರಕಾಶದ ಲೆಕ್ಕದಲ್ಲಿ ಎಸ್‌ಆರ್‌ಜಿಬಿಯ ಕೆಂಪಿಗೆ 0.2126, ಹಸಿರಿಗೆ 0.7152, ನೀಲಿಗೆ 0.0722 ತೂಕ. ಇದರ ಪ್ರಕಾರ 255ರ ಶುದ್ಧ ಕೆಂಪು ಮತ್ತು 148ರ ಶುದ್ಧ ಹಸಿರು ಎರಡೂ ಒಂದೇ ಬೂದು. ನಿಮ್ಮ ಎಲೆ ಸರಿಯಾಗಿ ಅಲ್ಲೇ ಬಿದ್ದಿದೆ. ಫಿಲ್ಮಿನ ಕಾಲದಲ್ಲಿ ಲೆನ್ಸಿನ ಮುಂದೆ ಗಾಜು ಹಾಕಿ ಇದನ್ನು ಬಿಡಿಸುತ್ತಿದ್ದರು. ಕೆಂಪು ಫಿಲ್ಟರ್ ಹಾಕಿದರೆ ಕೆಂಪು ಬೆಳ್ಳಗಾಗಿ ಎಲೆ ಮತ್ತು ನೀಲಿ ಆಕಾಶ ಕಪ್ಪಾಗುತ್ತವೆ. 25ನೇ ನಂಬರಿನ ಕಡುಗೆಂಪಿಗೆ ಸುಮಾರು 3 ಸ್ಟಾಪ್ ಬೆಳಕು ತೆರಬೇಕು. ಹಸಿರು ಫಿಲ್ಟರ್ ಇದರ ಉಲ್ಟಾ. ಈಗ ಬಣ್ಣದ ಫೈಲ್ ಇಟ್ಟುಕೊಂಡು ತಂತ್ರಾಂಶದ ಕಪ್ಪುಬಿಳುಪು ಮಿಕ್ಸರಿನಲ್ಲಿ ಕೆಂಪನ್ನು ಮೇಲಕ್ಕೆ, ಹಸಿರು-ಹಳದಿಯನ್ನು ಕೆಳಕ್ಕೆ ಎಳೆದರೆ ಸಾಕು. ಎಲೆಗಳಲ್ಲಿ ಹಳದಿಯ ಪಾಲು ಹೆಚ್ಚು, ಹಾಗಾಗಿ ಹಸಿರು ಸ್ಲೈಡರ್ ಒಂದನ್ನೇ ಎಳೆದು "ಏನೂ ಆಗುತ್ತಿಲ್ಲ" ಅನ್ನಬೇಡಿ. ನೀಲಿ ಸ್ಲೈಡರನ್ನು ತೀರಾ ಕೆಳಗೆ ಎಳೆದರೆ ಆಕಾಶದಲ್ಲಿ ಕಾಳುಕಾಳು ನಾಯ್ಸ್ ಮತ್ತು ಅಂಚುಗಳಲ್ಲಿ ಬಿಳಿ ಗೆರೆ ಏಳುತ್ತದೆ, ಮಿತಿ ಇರಲಿ.

ಎಲೆಗಳ ಮೇಲಿನ ಬಿಳಿ ಮಿಂಚು ಕೂಡ ಬಣ್ಣವನ್ನು ತಿನ್ನುತ್ತದೆ. ಲೆನ್ಸಿನ ಮುಂದೆ ಪೋಲರೈಸರ್ (ಇಂಥ ಮಿಂಚನ್ನು ತಡೆಯುವ ಫಿಲ್ಟರ್) ಹಾಕಿ ತಿರುಗಿಸಿ ನೋಡಿ. 1ರಿಂದ 2 ಸ್ಟಾಪ್ ಬೆಳಕು ಹೋಗುತ್ತದೆ, ಬದಲಿಗೆ ಹಸಿರು ಆಳವಾಗುತ್ತದೆ. ಲೋಹದ ಮಿಂಚಿಗೆ ಇದು ನಡೆಯುವುದಿಲ್ಲ.

ಬಣ್ಣವನ್ನು ರಚನೆಯ ಅಂಶವಾಗಿ ಬಳಸುವ ಬಗ್ಗೆ: ಅದರ ವಿಸ್ತಾರವೇ ಎಲ್ಲ. ಜರ್ಮನ್ ಕವಿ ಗಯಟೆ ಬಣ್ಣಗಳಿಗೆ ಕೊಟ್ಟ ಪ್ರಕಾಶದ ಅಂಕಿಗಳನ್ನು ಹಿಡಿದು, ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಕಲಿಸುತ್ತಿದ್ದ ಯೋಹಾನೆಸ್ ಇಟೆನ್ ಒಂದು ಅನುಪಾತ ಹೇಳುತ್ತಾನೆ. ಕೆಂಪು-ಹಸಿರು ಸಮಸಮ, ಕಿತ್ತಳೆ ಒಂದು ಪಾಲಿಗೆ ನೀಲಿ ಎರಡು, ಹಳದಿ ಒಂದು ಪಾಲಿಗೆ ನೇರಳೆ ಮೂರು. ಹೀಗಿದ್ದರೆ ಸಮತೂಕ. ಆದರೆ ಫೋಟೋದಲ್ಲಿ ಸಮತೂಕ ಯಾವಾಗಲೂ ಬೇಕಿಲ್ಲ. ಕೆಂಪು ಮಿಂಚಬೇಕಾದರೆ ಅದು ಚೌಕಟ್ಟಿನ ಇಪ್ಪತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಇರಲಿ, ಉಳಿದದ್ದು ಮಂಕಾಗಿರಲಿ. ಚೌಕಟ್ಟಿನಲ್ಲಿ ಅಷ್ಟೇ ಗಾಢವಾದ ಇನ್ನೊಂದು ಬಣ್ಣ, ಪ್ಲಾಸ್ಟಿಕ್ ಬಕೆಟ್ಟೋ ಫಲಕವೋ, ಮೂಲೆಯಲ್ಲಿ ಇಣುಕಿದರೂ ಆಟ ಕೆಟ್ಟಿತು. ಆಟೋ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣವನ್ನು ಕ್ಯಾಮೆರಾ ತಾನೇ ಸರಿದೂಗಿಸುವುದು) ಕೂಡ ಶತ್ರು. ಸಂಜೆಯ ಕಿತ್ತಳೆ ಬೆಳಕನ್ನು ದೋಷವೆಂದು ತಿಳಿದು ಅದು ಅಳಿಸುತ್ತದೆ. ಅದನ್ನು 5500 ಕೆಲ್ವಿನ್‌ಗೆ (ಹಗಲಿನ ಬಿಸಿಲಿನ ಮಟ್ಟಕ್ಕೆ) ಕಟ್ಟಿಹಾಕಿ ತೆಗೆದರೆ ನೆರಳಿನ ನೀಲಿ, ಬಿಸಿಲಿನ ಹಳದಿ ಎರಡೂ ಉಳಿಯುತ್ತವೆ.

---

ಮೋಡಗಟ್ಟು:

ಓರೆಬೆಳಕು ಅವರ ಮಾತಿಗೆ ಒಂದು ತಕರಾರು. ಪಕ್ಕದ ಬೆಳಕೇ ಶ್ರೇಷ್ಠ, ಚಪ್ಪಟೆ ಬೆಳಕು ದೋಷ ಅನ್ನುವ ಧ್ವನಿ ಅದರಲ್ಲಿದೆ. ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಕರ್ ದಂಪತಿ 1959ರಿಂದ ದಶಕಗಳ ಕಾಲ ನೀರಿನ ಗೋಪುರ, ಊದುಕುಲುಮೆ, ಗಣಿಯ ಕಟ್ಟಡಗಳನ್ನು ಬೇಕೆಂದೇ ಮೋಡ ಕವಿದ ಬೆಳಕಿನಲ್ಲಿ, ನೇರ ಎದುರಿನಿಂದ, ದೊಡ್ಡ ಫಾರ್ಮ್ಯಾಟ್ ಕ್ಯಾಮೆರಾದಲ್ಲಿ ತೆಗೆದರು. ಬಿಸಿಲಿದ್ದಿದ್ದರೆ ನೆರಳಿನ ಆಕಾರ ಕಟ್ಟಡದ ಆಕಾರದ ಮೇಲೆ ಕೂತು ಒಂದನ್ನೊಂದು ಹೋಲಿಸಲು ಆಗುತ್ತಿರಲಿಲ್ಲ. ಬಿಳಿಚಿದ ಆಕಾಶದ ಮುಂದೆ ಹೊರಗೆರೆ ಮಾತ್ರ ನಿಲ್ಲುತ್ತದೆ. ಒಂಬತ್ತೋ ಹನ್ನೆರಡೋ ಚಿತ್ರಗಳನ್ನು ಸಾಲಾಗಿ ಜೋಡಿಸಿದಾಗ ಅದೇ ಪ್ಯಾಟರ್ನ್ ಆಗುತ್ತದೆ.

ಪ್ಯಾಟರ್ನಿಗೂ ಇದೇ ಮಾತು. ಹೆಂಚು, ಕಿಟಕಿ, ಕುರ್ಚಿ ಸಾಲು, ಏನೇ ಇರಲಿ, ಬೆಳಕು ಸಮವಾಗಿದ್ದರೆ ಮರುಕಳಿಕೆ ಎದ್ದು ಕಾಣುತ್ತದೆ. ಅಂಚಿನಲ್ಲಿ ಪ್ಯಾಟರ್ನ್ ಮುಗಿದು ಬೇರೇನಾದರೂ ಕಂಡರೆ ಅದು ಎಲ್ಲೆಡೆ ಹರಡಿದೆ ಎಂಬ ಭ್ರಮೆ ಹೋಗುತ್ತದೆ, ಹಾಗಾಗಿ ಚೌಕಟ್ಟು ತುಂಬುವಷ್ಟು ಬಿಗಿಯಾಗಿ ಹಿಡಿಯಿರಿ. ಸಣ್ಣ ನೇಯ್ಗೆಯ ಬಟ್ಟೆ, ಜಾಲರಿ ತೆಗೆಯುವಾಗ ಪಿಕ್ಸೆಲ್ ಸಾಲಿಗೂ ನೂಲಿನ ಸಾಲಿಗೂ ಜಗಳ ಬಿದ್ದು ಬಣ್ಣದ ಅಲೆಗಳು ಬರುತ್ತವೆ. ತುಸು ಹತ್ತಿರ ಅಥವಾ ದೂರ ಸರಿದರೆ, ಕ್ಯಾಮೆರಾವನ್ನು ಕೆಲವು ಡಿಗ್ರಿ ತಿರುಗಿಸಿದರೆ ಹೋಗುತ್ತವೆ. ಆಮೇಲೆ ತೆಗೆಯುವುದು ಕಷ್ಟ.

---

ಓರೆಬೆಳಕು:

ಒಪ್ಪಿದೆ. ಬಾಗಿಲಿಗೆ ಬೇಕಿದ್ದದ್ದು ಒರಟುತನ, ಅದಕ್ಕೆ ಓರೆಬೆಳಕು. ಅದೇ ಬಾಗಿಲಿನ ಹಲಗೆಗಳ ವಿನ್ಯಾಸ, ಬಣ್ಣದ ಪದರಗಳು ಬೇಕಿದ್ದರೆ ನಾನೂ ಮೋಡಕ್ಕೇ ಕಾಯುತ್ತೇನೆ. ಓರೆಬೆಳಕಿನಲ್ಲಿ ನೆರಳುಗಳು ಬಣ್ಣವನ್ನು ಮುಚ್ಚುತ್ತವೆ. ಒಂದನ್ನು ಎತ್ತಿದರೆ ಇನ್ನೊಂದು ಇಳಿಯುತ್ತದೆ, ಅಂಚುಗಾರ ಸೇತುವೆಯಲ್ಲಿ ಹೇಳಿದ್ದೂ ಅದನ್ನೇ.

---

ಹೊಸಕಣ್ಣು:

ತುಂಬ ಸ್ಪಷ್ಟವಾಯಿತು. ಇನ್ನೆರಡು ಪ್ರಶ್ನೆ. ಇಷ್ಟೆಲ್ಲ ಹೇಳಿದಿರಿ, ಮೂರನೇ ಒಂದರ ನಿಯಮದ (ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಸಮಪಾಲು ಮಾಡುವ ಗೆರೆಗಳನ್ನು ಹಿಡಿದು ರಚಿಸುವುದು) ಹೆಸರನ್ನು ಯಾರೂ ಎತ್ತಲಿಲ್ಲ, ಯಾಕೆ? ಮತ್ತೆ, ಫೋನಿನಲ್ಲಿ ಇವು ಎಷ್ಟು ಸಾಧ್ಯ? ಹಿಂಬೆಳಕಿನಲ್ಲಿ ಆಕಾರ ಮಾತ್ರ ಕಪ್ಪಾಗಿ ತೆಗೆಯಲು ಹೋದರೆ ಫೋನ್ ಮುಖವನ್ನೆಲ್ಲ ಬೆಳಗಿಸಿಬಿಡುತ್ತದೆ.

---

ಅಂಚುಗಾರ:

ಮೂರನೇ ಒಂದರ ನಿಯಮ ಕ್ಯಾಮೆರಾಕ್ಕಿಂತ ಹಳೆಯದು. 1797ರಲ್ಲಿ ಇಂಗ್ಲೆಂಡಿನ ಒಬ್ಬ ಚಿತ್ರಕಾರ ಆ ಹೆಸರಿಟ್ಟ. ಅವನು ಹೇಳಿದ್ದು ಆಕಾಶಕ್ಕೆಷ್ಟು ನೆಲಕ್ಕೆಷ್ಟು ಎಂಬ ಪಾಲಿನ ಮಾತು. ಗೆರೆಗಳು ಕೂಡುವ ನಾಲ್ಕು ಚುಕ್ಕೆಗಳಲ್ಲಿ ಒಂದರ ಮೇಲೆ ಮುಖ್ಯವಸ್ತುವನ್ನು ಕೂರಿಸಿ ಎನ್ನುವುದು ಆಮೇಲೆ ಸೇರಿಕೊಂಡ ಸುಲಭ ರೂಪ. ಚುಕ್ಕೆಯ ಮೇಲೆ ಇಟ್ಟ ಮಾತ್ರಕ್ಕೆ ಉಳಿದ ಮುಕ್ಕಾಲು ಚೌಕಟ್ಟು ಏನು ಮಾಡುತ್ತಿದೆ ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಗ್ರಿಡ್ ಆನ್ ಇಟ್ಟುಕೊಳ್ಳಿ, ದಿಗಂತ ನೆಟ್ಟಗಿದೆಯೇ ನೋಡಲು ಅದರಷ್ಟು ಒಳ್ಳೆಯ ಸಾಧನ ಇಲ್ಲ.

ಜಾಗ ಹಂಚುವಾಗ ತಕ್ಕಡಿಯ ಬದಲು ಏತವನ್ನು ನೆನೆಯಿರಿ. ನಡುವಿಗೆ ಹತ್ತಿರದ ದೊಡ್ಡ ಕಪ್ಪು ವಸ್ತುವನ್ನು ದೂರದ ಅಂಚಿನ ಬಳಿಯ ಸಣ್ಣ ಬಿಳಿ ವಸ್ತು ತೂಗಬಲ್ಲದು. ಫ್ರೆಂಚ್ ಫೋಟೋಗ್ರಾಫರ್ ಕಾರ್ಟಿಯೆ ಬ್ರೆಸ್ಸೋನ್ 1932ರಲ್ಲಿ ಫ್ರಾನ್ಸಿನ ಇಯೆರ್ ಊರಿನಲ್ಲಿ ತೆಗೆದ ಸೈಕಲ್ ಸವಾರನ ಚಿತ್ರ ನೋಡಿ. ಸುರುಳಿ ಮೆಟ್ಟಿಲು, ಅದರ ಕಂಬಿ ಚೌಕಟ್ಟಿನ ಬಹುಪಾಲು ತುಂಬಿವೆ. ಸವಾರ ಮೇಲ್ಗಡೆ ಒಂದು ಸಣ್ಣ ಮಸುಕು. ಆದರೂ ಕಣ್ಣು ನಿಲ್ಲುವುದು ಅವನ ಮೇಲೆ, ಯಾಕೆಂದರೆ ಆ ಬಾಗಿದ ಗೆರೆಗಳ ನಡುವೆ ಉಳಿದ ಖಾಲಿ ರಸ್ತೆಯಲ್ಲಿ ಅವನಿಗೆ ಯಾವುದೂ ತಾಗುತ್ತಿಲ್ಲ. ವಸ್ತುಗಳು ಒಂದಕ್ಕೊಂದು ತುದಿ ತಾಗಿಸಿಕೊಂಡು ನಿಲ್ಲುವುದು ಅತಿ ಕೆಟ್ಟ ಸ್ಥಿತಿ. ಪೂರ್ತಿ ಮರೆಮಾಡಲಿ, ಇಲ್ಲ ಪೂರ್ತಿ ಬಿಡಿಯಾಗಲಿ.

---

ಬೂದುಪಟ್ಟಿ:

ಫೋನ್ ಬಗ್ಗೆ. ಗೆರೆ, ಆಕಾರ, ಪ್ಯಾಟರ್ನ್ ಮೂರಕ್ಕೂ ಫೋನ್ ಚೆನ್ನಾಗಿ ಒದಗುತ್ತದೆ. ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ ಫುಲ್‌ಫ್ರೇಮಿನ 24ರಿಂದ 26 ಮಿ.ಮೀ. ಅಗಲಕ್ಕೆ ಸಮ, ಸೆನ್ಸರ್ ಚಿಕ್ಕದಾದ್ದರಿಂದ ಮುಂದಿನಿಂದ ಹಿಂದಿನವರೆಗೆ ಎಲ್ಲ ಸ್ಪಷ್ಟ. ಟೋನ್ ವಿಷಯದಲ್ಲೇ ಜಗಳ. ಹಲವು ಚಿತ್ರಗಳನ್ನು ಬೆರೆಸಿ ನೆರಳನ್ನು ಎತ್ತಿ ಬೆಳಕನ್ನು ಇಳಿಸುವುದು ಅದರ ಅಭ್ಯಾಸ, ಅಲ್ಲಿಗೆ ಘನರೂಪದ ಇಳಿಜಾರು ಸವೆಯಿತು.

ಹಿಂಬೆಳಕಿನ ಕಪ್ಪು ಆಕಾರಕ್ಕೆ: ಹೀಗೆ ಬೆರೆಸುವ ಎಚ್‌ಡಿಆರ್ ಅನ್ನು ಆಫ್ ಮಾಡಲು ಬಂದರೆ ಆಫ್ ಮಾಡಿ, ಪೋರ್ಟ್ರೇಟ್ ಮೋಡ್ ಬೇಡ. ಸೂರ್ಯನನ್ನಲ್ಲ, ಅದರ ಪಕ್ಕದ ಆಕಾಶವನ್ನು ಒತ್ತಿ ಹಿಡಿದು ಎಕ್ಸ್‌ಪೋಶರನ್ನು ಬೀಗ ಹಾಕಿ, ಆಮೇಲೆ ಸ್ಲೈಡರನ್ನು ಕೆಳಗೆ ಎಳೆಯಿರಿ. ಆಕಾಶ ನಡುಬೂದಿಗಿಂತ 1 ಸ್ಟಾಪ್ ಮೇಲೆ ಇದ್ದು, ವ್ಯಕ್ತಿ ಆಕಾಶಕ್ಕಿಂತ 4 ಅಥವಾ 5 ಸ್ಟಾಪ್ ಕೆಳಗಿದ್ದರೆ ಕಪ್ಪು ಗಟ್ಟಿಯಾಗುತ್ತದೆ. ರಾ ತೆಗೆಯುವ ಆ್ಯಪ್ ಇದ್ದರೆ ಇನ್ನೂ ಸುಲಭ. ಒಳಗಿನ ವಿವರ ಹೋಗುವುದರಿಂದ ಹೊರಗೆರೆಯೇ ಎಲ್ಲವನ್ನೂ ಹೇಳಬೇಕು: ಮುಖ ಪಕ್ಕಕ್ಕೆ ತಿರುಗಿರಲಿ, ಮೂಗು-ಗಲ್ಲ ಕಾಣಲಿ, ಕೈ ಮೈಯಿಂದ ಬೇರ್ಪಟ್ಟಿರಲಿ, ಎರಡು ಕಾಲುಗಳ ನಡುವೆ ಬೆಳಕು ಕಾಣಲಿ. ಇಬ್ಬರಿದ್ದರೆ ನಡುವೆ ಸಂದು ಬಿಡಿ, ಇಲ್ಲದಿದ್ದರೆ ಎರಡು ತಲೆಯ ಒಂದು ಪ್ರಾಣಿ ಸಿಗುತ್ತದೆ. ತಗ್ಗಿ ಕೂತು ತೆಗೆದರೆ ಮೈಯ ಹೆಚ್ಚು ಭಾಗ ನೆಲದ ಕಪ್ಪಿನಿಂದ ಬಿಡಿಸಿಕೊಂಡು ಆಕಾಶದ ಮೇಲೆ ಬರುತ್ತದೆ.

ಟೆಕ್ಸ್ಚರಿಗೆ ಫೋನಿನ ಶಾರ್ಪನಿಂಗ್ ಅಡ್ಡಿ. ಬಿರುಕಿನ ಅಂಚಿಗೆಲ್ಲ ಬಿಳಿ ಗೆರೆ ಬಳಿದು ಮರವನ್ನು ಪ್ಲಾಸ್ಟಿಕ್ ಮಾಡುತ್ತದೆ. ಡಿಜಿಟಲ್ ಜೂಮ್ ಬಿಟ್ಟು ಹತ್ತಿರ ಹೋಗಿ, ಬೆಳಕು ಸಾಕಷ್ಟಿರುವಾಗ ತೆಗೆಯಿರಿ. ಬೆಳಕು ಕಡಿಮೆಯಾದರೆ ನಾಯ್ಸ್ ಅಳಿಸುವ ನೆಪದಲ್ಲಿ ತರಿಯನ್ನೂ ಅಳಿಸುತ್ತದೆ.

ತೆಗೆದದ್ದನ್ನು ಪರೀಕ್ಷಿಸುವುದಕ್ಕೆ ಫೋನೇ ಸಾಕು. ಚಿತ್ರವನ್ನು ಕಪ್ಪುಬಿಳುಪು ಮಾಡಿ, ಪೋಸ್ಟರೈಸ್ (ಟೋನುಗಳನ್ನು ಕೆಲವೇ ಮಟ್ಟಗಳಿಗೆ ಇಳಿಸುವ ಆಯ್ಕೆ) ಇದ್ದರೆ 4 ಮಟ್ಟಕ್ಕೆ ಇಳಿಸಿ, 150 ಪಿಕ್ಸೆಲ್ ಅಗಲಕ್ಕೆ ಕುಗ್ಗಿಸಿ. ಮುಖ್ಯವಸ್ತು ಆ ನಾಲ್ಕು ತುಂಡುಗಳಲ್ಲಿ ಒಂದಾಗಿ ಬಿಡಿಯಾಗಿ ನಿಂತರೆ ಸರಿ. ಪಕ್ಕದ ತುಂಡಿನಲ್ಲಿ ಕರಗಿದರೆ ಅದನ್ನು ಎತ್ತಿಹಿಡಿಯುತ್ತಿದ್ದುದು ಬಣ್ಣ ಮಾತ್ರ, ನಿಮ್ಮ ಹೂವಿನ ಹಾಗೆ. ಆಮೇಲೆ ತಲೆಕೆಳಗು ಮಾಡಿ ನೋಡಿ: ಏನಿದೆ ಅನ್ನುವುದು ಮರೆತು ಯಾವ ತುಂಡು ಎಷ್ಟು ಭಾರ ಅನ್ನುವುದಷ್ಟೇ ಕಾಣುತ್ತದೆ.

---

ಹೊಸಕಣ್ಣು:

ಸೇತುವೆಯ ಚಿತ್ರವನ್ನು 4 ಮಟ್ಟಕ್ಕೆ ಇಳಿಸಿದೆ. ವ್ಯಕ್ತಿ, ಕಂಬ, ಹಿಂದಿನ ಮರ ಮೂರೂ ಸೇರಿ ಒಂದೇ ತುಂಡು. ಬಲಮೂಲೆಯಲ್ಲಿ ಸಿಮೆಂಟಿನ ಬಿಳಿ ತ್ರಿಕೋನ ಒಂದೇ ಬಿಡಿಯಾಗಿ ಹೊಳೆಯುತ್ತಿದೆ.

---

ಅಂಚುಗಾರ:

ಅದೇ. ಮೊದಲು ಮೂಲೆಯನ್ನು ಕತ್ತರಿಸಿ ನೋಡಿ. ಆದರೆ ಒಂದೇ ಟೋನಿನಲ್ಲಿ ಕಲಸಿಹೋದ ವ್ಯಕ್ತಿಯನ್ನು ಕತ್ತರಿಸಿ ಬಿಡಿಸಲಾಗುವುದಿಲ್ಲ. ಮತ್ತೆ ತೆಗೆಯುವಾಗ ಮರದ ಎಡಕ್ಕೆ ಆಕಾಶ ತೆರೆದಿದ್ದರೆ ಬಲಕ್ಕೆ ಸರಿಯಿರಿ, ವ್ಯಕ್ತಿ ಆ ತೆರಪಿನ ಮೇಲೆ ಬರುತ್ತಾರೆ.